ಚಿತ್ರಾ ಹೃದಯಕವಾಟದ ನಾಲ್ಕು ಮಾದರಿಗಳು

ನಮ್ಮ ಶಾಸನಕವಿಗಳು ಅರಸರ ಗೆಲುವುಗಳನ್ನು ಹಾಡಿದರು. ಸೋಲನ್ನು ತಿಳಿಯಬೇಕಾದರೆ ಎದುರಾಳಿಯ ಶಾಸನವನ್ನು ಹುಡುಕಬೇಕು. ವಿಜ್ಞಾನದ ಚರಿತ್ರೆಯಲ್ಲಿಯೂ ಈ ರೂಢಿ ಉಂಟು. ಅದಕ್ಕೆ ಹೊರತಾದ ಒಂದು ನಿದರ್ಶನವನ್ನು ಜೀವವೈದ್ಯಕೀಯ ಎಂಜಿನಿಯರಿಂಗ್ ಶಾಸ್ತ್ರದಿಂದ ಇಲ್ಲಿ ಪರಿಶೀಲಿಸುತ್ತೇವೆ.

ಬಾಲ್ಯದ ಗಂಟಲುಬೇನೆಯನ್ನು ಅನುಸರಿಸಿ ಬರುವ ರುಮ್ಯಾಟಿಕ್ ಜ್ವರವು ಹೃದಯದ ಕವಾಟಗಳನ್ನು ಕೆಡಿಸಬಲ್ಲದು. ಕೆಟ್ಟ ಕವಾಟದ ಸ್ಥಾನದಲ್ಲಿ ಕೃತಕ ಕವಾಟವನ್ನು ಹೊಲಿಯುವ ಶಸ್ತ್ರಕ್ರಿಯೆಯು 1960ರಿಂದೀಚೆಗೆ ನೆಲೆಗೊಂಡಿತು. ಆದರೆ ಕವಾಟವು ಹೊರದೇಶದಿಂದ ಬರಬೇಕಾಗಿದ್ದಿತು. ರೋಗವಾದರೋ ಬಡವರ ಮನೆಗಳನ್ನೇ ಹೆಚ್ಚಾಗಿ ಹೊಗುವಂಥದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಈ ಕಾರ್ಯಕ್ಕೆ ಕೈಯಿಕ್ಕಿತು. 1980ರಲ್ಲಿ ಸಂಸತ್ತಿನ ಅಧಿನಿಯಮದಿಂದ ಪದವಿ ನೀಡುವ ಅಧಿಕಾರವನ್ನು ಪಡೆದ ಈ ಸಂಸ್ಥೆಯಲ್ಲಿ ಆಸ್ಪತ್ರೆಯೂ ಎಂಜಿನಿಯರುಗಳ ಪ್ರಯೋಗಶಾಲೆಯೂ ಒಂದೇ ಆಡಳಿತಕ್ಕೆ ಸೇರಿದ್ದವು. ಪ್ರಯೋಗಶಾಲೆಯು ನೆಲೆಸಿದುದು ಪೂಜಪ್ಪುರದ ಹಳೆಯ ಅರಮನೆಯೊಂದರಲ್ಲಿ. (ಅರಮನೆಗಳಿಗೆ ಇದಕ್ಕಿಂತ ಮೇಲಾದ ಉತ್ತರಾಧಿಕಾರಿಯನ್ನು ನಾವು ಕಂಡಿಲ್ಲ.)

ಶಸ್ತ್ರವೈದ್ಯರಾದ ಎಂ. ಎಸ್. ವಲಿಯತ್ತಾನ್ ಮತ್ತು ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಅವರ ತಂಡವು ಆರಿಸಿಕೊಂಡುದು ಲೋಹದ ಚೌಕಟ್ಟಿನೊಳಗೆ ಓರೆಯಾಗಿ ತೆರೆದು ಮುಚ್ಚುವ ಬಿಲ್ಲೆಯ ಕವಾಟ. ರಚನೆ ಸರಳವೆಂದು ತೋರುತ್ತದೆ. ಆದರೆ ನಿಮಿಷಕ್ಕೆ 70 ಮಿಡಿತವೆಂದು ಎಣಿಸಿದರೂ ಬಿಲ್ಲೆಯು ವರ್ಷವೊಂದರಲ್ಲಿ 3 ಕೋಟಿ 60 ಲಕ್ಷಕ್ಕೂ ಮಿಕ್ಕಿ ತೆರೆದು ಮುಚ್ಚಬೇಕು. ಅದೂ ಹಲವಾರು ವರ್ಷ, ರಕ್ತವನ್ನು ಹೆಪ್ಪುಗಟ್ಟಿಸದೆ.

ಮೊದಲನೆಯ ಮಾದರಿ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಎರಡನೆಯದರಲ್ಲಿ ಕೃತಕ ನೀಲಮಣಿಯ ಬಿಲ್ಲೆಗೆ ಟೈಟೇನಿಯಂ ಚೌಕಟ್ಟನ್ನು ಜೋಡಿಸಲಾಯಿತು. ಮಣಿ ಸವೆಯಲಿಲ್ಲ, ಲೋಹ ಸವೆಯಿತು. ಮೂರನೆಯದರಲ್ಲಿ ಗಟ್ಟಿಯಾದ ಕೋಬಾಲ್ಟ್ ಮಿಶ್ರಲೋಹವನ್ನು ಬಳಸಿದರು. ಯಂತ್ರಪರೀಕ್ಷೆಯಲ್ಲಿ ಅದು ತೃಪ್ತಿಕರವೆನಿಸಿತು. ಅನಂತರ ಕುರಿಯೊಂದರ ಹೃದಯದಲ್ಲಿ ನೀಲಮಣಿಯ ಬಿಲ್ಲೆಯೇ ಒಡೆಯಿತು. ಮನುಷ್ಯನ ಎದೆಯಲ್ಲಿ ಒಡೆಯಬಹುದಾಗಿದ್ದುದು ಅಲ್ಲಿ ಒಡೆಯಿತೆಂಬುದನ್ನು ಓದುಗರು ಗಮನಿಸಬೇಕು. ಪ್ರಾಣಿಪರೀಕ್ಷೆಯನ್ನು ವೃಥಾ ವಿಳಂಬವೆಂದು ಎಣಿಸುವವರಿಗೆ ನಾವು ಬೇರೆ ಉತ್ತರವನ್ನು ಹುಡುಕಬೇಕಾಗಿಲ್ಲ.

ಎಲ್ಲಕ್ಕಿಂತ ಕಠಿಣವಾದುದೇ ಎಲ್ಲಕ್ಕಿಂತ ಬಾಳಿಕೆಯದೆಂಬ ಎಣಿಕೆಯನ್ನು ತಂಡವು ಕೈಬಿಡಬೇಕಾಯಿತು. ನಾಲ್ಕನೆಯ ಮಾದರಿಯಲ್ಲಿ ಮಿಶ್ರಲೋಹದ ಚೌಕಟ್ಟು ಉಳಿಯಿತು. ಬಿಲ್ಲೆ ಮಾತ್ರ ಅತ್ಯಧಿಕ ಅಣುಭಾರದ ಪಾಲಿಎಥಿಲೀನಿನದಾಯಿತು. ಅದು ನೀಲಮಣಿಯಂತೆ ಬಿರಿಯುವ ವಸ್ತುವಲ್ಲ, ಪೆಟ್ಟನ್ನು ತಾಳಿಕೊಳ್ಳುವಂಥದು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ರೋಗಿಗೆ ಜೋಡಿಸಲಾಯಿತು. ಮುಂದೆ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳು ಅದನ್ನು ಪಡೆದರು.

ತಂಡದವರು ಹಿಂದಿನ ಮೂರು ಮಾದರಿಗಳ ವೃತ್ತಾಂತವನ್ನೂ ತಮ್ಮ ಲೇಖನಗಳಲ್ಲಿ ಪ್ರಕಟಿಸಿದುದರಿಂದಲೇ ಈ ಕಥೆ ನಮಗೆ ಲಭ್ಯವಾಗಿದೆ. ಈ ಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗೆ ನಾಲ್ಕನೆಯ ಮಾದರಿಯ ಚಿತ್ರವೊಂದನ್ನೇ ತೋರಿಸಿದರೆ, ಆ ಬಿಲ್ಲೆಯು ಪ್ಲಾಸ್ಟಿಕ್ಕಿನದೇಕೆ ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಾರದು.