ಸಂಗಮದ ಊರಿನ ಮಕ್ಕಳು ಸಂಗಮದ ಬಗ್ಗೆ ಯಾರನ್ನು ಕೇಳುತ್ತಿದ್ದಾರೆ?

ರಾತ್ರಿ ಒಂಬತ್ತೂವರೆ. ಪಠ್ಯಪುಸ್ತಕದ ಪುಟವೊಂದರ ಫೋಟೊ, ಕೆಳಗೆ ಒಂದೇ ಸಾಲು: ‘ಅಣ್ಣಾ ಪ್ಲೀಸ್, 3ರಿಂದ 7ರ ತನಕ ಸಾಲ್ವ್ ಮಾಡಿ ಕಳ್ಸಿ, ನಾಳೆ ತೋರಿಸ್ಬೇಕು.’ ಆ ಅಣ್ಣ ಯಾರು, ಯಾವ ಊರಿನವನು, ಅಣ್ಣನೇ ಹೌದೋ ಅಲ್ಲವೋ, ಕೇಳಿದ ಮಗುವಿಗೆ ಗೊತ್ತಿಲ್ಲ. ನಂಜನಗೂಡಿನಲ್ಲೋ ತಿ. ನರಸೀಪುರದಲ್ಲೋ ಹೈಸ್ಕೂಲು ಮಕ್ಕಳಿರುವ ಮನೆಯವರ ಮುಂದೆ, ನೆಟ್‌ನಲ್ಲಿ ಅಪರಿಚಿತರಿಂದ ಹೋಮ್‌ವರ್ಕ್ ಮಾಡಿಸಿಕೊಳ್ಳುವ ಈ ವಿಷಯ ತೆಗೆದರೆ ಎಲ್ಲರ ಬಳಿಯೂ ಒಂದೊಂದು ತೀರ್ಪು ಸಿದ್ಧವಾಗಿರುತ್ತದೆ. ಆ ತೀರ್ಪುಗಳಲ್ಲಿ ಹೆಚ್ಚಿನವು ಪರಿಶೀಲನೆಗೆ ನಿಲ್ಲುವುದಿಲ್ಲ.

‘ಸೋಮಾರಿಗಳು ಮಾಡೋ ಕೆಲಸ ಇದು’

ಸೋಮಾರಿ ಹುಡುಗ ಹೋಮ್‌ವರ್ಕ್ ಬಿಟ್ಟು ಮಲಗುತ್ತಾನೆ. ಫೋಟೊ ತೆಗೆದು, ಗುರುತಿಲ್ಲದವರ ಮುಂದೆ ಅಂಗಲಾಚುವವನು ಹೆದರಿದ ಹುಡುಗ. ಅಪ್ಪ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಸೆಕೆಂಡ್ ಶಿಫ್ಟು, ಅಮ್ಮ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು, ಟ್ಯೂಷನ್ನಿಗೆ ದುಡ್ಡಿಲ್ಲ ಎಂದಾದರೆ ಆ ಹೊತ್ತಿನಲ್ಲಿ ಅವನು ಯಾರನ್ನು ಕೇಳಬೇಕು? ಬೆಳಿಗ್ಗೆ ನೋಟ್‌ಬುಕ್ ಖಾಲಿ ಇದ್ದರೆ ಎದ್ದು ನಿಲ್ಲಬೇಕು, ತುಂಬಿದ್ದರೆ ಕೆಂಪು ಇಂಕಿನ ರೈಟ್ ಮಾರ್ಕು. ಒಂದೇ ಪೀರಿಯಡ್ಡಿನಲ್ಲಿ ಇಡೀ ತರಗತಿಯ ಬುಕ್ಕುಗಳನ್ನು ಸಾಲು ಸಾಲಾಗಿ ಓದಲು ಯಾವ ಮೇಷ್ಟ್ರಿಗೂ ಆಗದು. ಹಾಗಾಗಿ ಬುಕ್ ತುಂಬಿರಬೇಕು, ಯಾರು ತುಂಬಿದರೆ ಏನು ಎಂಬ ಪಾಠವನ್ನು ಮಗು ಶಾಲೆಯಿಂದಲೇ ಕಲಿಯುತ್ತದೆ.

ಇನ್ನು ಹೋಮ್‌ವರ್ಕಿನ ಪ್ರಮಾಣ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಮ್‌ವರ್ಕ್ ಕೊಡಲೇಬಾರದು. 3ರಿಂದ 5ನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆಯಷ್ಟು, 6ರಿಂದ 8ಕ್ಕೆ ದಿನಕ್ಕೆ 1 ಗಂಟೆಯಷ್ಟು, ಅದರ ಮೇಲಿನವರಿಗೆ ದಿನಕ್ಕೆ 2 ಗಂಟೆಯಷ್ಟು. ಒಂದನೇ ಕ್ಲಾಸಿನ ಮಗುವಿನ ಡೈರಿ ತೆರೆದು ನೋಡಿದವರಿಗೆ ಈ ನೀತಿ ಎಷ್ಟು ದೂರ ನಡೆದು ಬಂದಿದೆ ಎಂಬುದು ಗೊತ್ತಾಗುತ್ತದೆ.

‘ಮೊಬೈಲ್ ಬಂದ ಮೇಲೆ ಶುರುವಾದ ರೋಗ’

ಗೈಡುಗಳನ್ನು ಮರೆತುಬಿಟ್ಟೆವೇ? ಪ್ರೇಯರ್‌ಗೆ ಮುಂಚೆ ಜಗಲಿಯಲ್ಲಿ ಕೂತು ಒಬ್ಬನ ಬುಕ್ಕಿನಿಂದ ಐದು ಜನ ಇಳಿಸಿಕೊಳ್ಳುತ್ತಿದ್ದುದನ್ನು? ‘ನಾನು ಪ್ರಧಾನಮಂತ್ರಿಯಾದರೆ’ ಪ್ರಬಂಧ ಬರೆದುಕೊಟ್ಟ ಅಕ್ಕಂದಿರನ್ನು? ಆಮೇಲೆ ಸೈಬರ್ ಸೆಂಟರುಗಳು ಬಂದವು. ವಿಷಯ ಹೇಳಿದರೆ ಸಾಕು, ಚಿತ್ರಸಮೇತ ಪ್ರಾಜೆಕ್ಟ್ ಪ್ರಿಂಟ್ ಆಗಿ, ಸ್ಪೈರಲ್ ಬೈಂಡಿಂಗೂ ಆಗಿ ಕೈಗೆ ಬರುತ್ತಿತ್ತು.

ಮೊಬೈಲನ್ನು ಮಕ್ಕಳ ಕೈಗೆ ಕೊಟ್ಟವರು ಯಾರು ಎಂಬುದನ್ನೂ ನೆನಪಿಸಿಕೊಳ್ಳಬೇಕು. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆಗಸ್ಟಿನಲ್ಲಿ ಊರ ಮರದಡಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡುವ ‘ವಿದ್ಯಾಗಮ’ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. ಉಳಿದದ್ದು ವಾಟ್ಸಾಪ್. ಹೋಮ್‌ವರ್ಕ್ ಬರುತ್ತಿದ್ದುದೂ ಅಲ್ಲೇ, ಮಾಡಿ ಫೋಟೊ ಕಳಿಸುತ್ತಿದ್ದುದೂ ಅಲ್ಲಿಗೇ. ಪುಟದ ಫೋಟೊ ತೆಗೆದು ಕಳಿಸುವುದನ್ನು ಮಕ್ಕಳಿಗೆ ರೂಢಿ ಮಾಡಿಸಿದ್ದು ನಾವೇ. ಅವರು ಕಳಿಸುವ ವಿಳಾಸ ಬದಲಿಸಿದರು, ಅಷ್ಟೇ.

    

‘ಉತ್ತರ ಸರಿಯಿದೆಯಲ್ಲ, ಇನ್ನೇನು ಬೇಕು?’

ಹತ್ತನೇ ತರಗತಿಯ ಸಮಾಂತರ ಶ್ರೇಢಿಯನ್ನೇ ತೆಗೆದುಕೊಳ್ಳೋಣ. 5, 8, 11, 14… ಹತ್ತನೇ ಪದ ಯಾವುದು? ಅಪರಿಚಿತ ಅಣ್ಣ 32 ಎಂದು ಕಳಿಸುತ್ತಾನೆ. ಸರಿಯಾದ ಉತ್ತರವೇ. ಯಾರನ್ನೂ ಕೇಳದ ಹುಡುಗಿಯೊಬ್ಬಳು 35 ಎಂದು ಬರೆದಿರುತ್ತಾಳೆ. ಅದು ತಪ್ಪು. ಆದರೆ ಅವಳ ಬುಕ್ ನೋಡಿದ ಮಿಸ್‌ಗೆ ಒಂದು ಕ್ಷಣದಲ್ಲಿ ವಿಷಯ ತಿಳಿಯುತ್ತದೆ: ಇವಳು ಮೂರನ್ನು ಹತ್ತು ಸಲ ಕೂಡಿದ್ದಾಳೆ, ಕೂಡಬೇಕಾದದ್ದು ಒಂಬತ್ತು ಸಲ. ಹತ್ತು ಕರೆಂಟ್ ಕಂಬಗಳ ನಡುವೆ ಒಂಬತ್ತೇ ಅಂತರ ತಾನೇ ಎಂದು ಕಿಟಕಿಯಾಚೆ ತೋರಿಸಿದರೆ ಕೆಲಸ ಮುಗಿಯಿತು. 32 ಎಂದು ಇಳಿಸಿಕೊಂಡವನ ತಲೆಯಲ್ಲೂ ಅದೇ ತಪ್ಪು ಕೂತಿರಬಹುದು. ಅದು ಮಿಸ್‌ಗೆ ಕಾಣುವುದು ಮಾರ್ಚ್ ತಿಂಗಳಲ್ಲಿ, ಪರೀಕ್ಷೆ ಮುಗಿದ ಮೇಲೆ.

ಇದು ಬರೀ ಊಹೆಯಲ್ಲ. ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದಲ್ಲಿ ಆರ್ನಲ್ಡ್ ಗ್ಲಾಸ್ ಮತ್ತು ಮೆಂಗ್‌ಶುಯೆ ಕಾಂಗ್ ಹನ್ನೊಂದು ವರ್ಷಗಳ ಕಾಲ ಎರಡು ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಹೋಮ್‌ವರ್ಕ್ ಅಂಕಗಳನ್ನು ಪರೀಕ್ಷೆಯ ಅಂಕಗಳ ಪಕ್ಕ ಇಟ್ಟು ನೋಡಿದರು. ಹೋಮ್‌ವರ್ಕಿನಲ್ಲಿ ಸರಿ ಬರೆದು ಪರೀಕ್ಷೆಯಲ್ಲಿ ಅದಕ್ಕಿಂತ ಕಡಿಮೆ ಪಡೆದವರು 2008ರಲ್ಲಿ ಶೇ. 14, 2017ರಲ್ಲಿ ಶೇ. 55. ಉತ್ತರವನ್ನು ಬೇರೆ ಕಡೆಯಿಂದ ತಂದುಕೊಂಡವರು ಅದರಿಂದ ಕಲಿಯಲಿಲ್ಲ, ಸ್ವಂತವಾಗಿ ಯೋಚಿಸಿದವರು ಕಲಿತರು. ಟರ್ಕಿಯಲ್ಲಿ ಸುಮಾರು ಒಂದು ಸಾವಿರ ಹೈಸ್ಕೂಲು ಮಕ್ಕಳ ನಡುವೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿಗೆ ಗಣಿತದ ಅಭ್ಯಾಸಕ್ಕೆ ಎಐ ಚಾಟ್ ಕೊಟ್ಟು ನೋಡಿದಾಗ ಅವರು ಅಭ್ಯಾಸದಲ್ಲಿ ಶೇ. 48ರಷ್ಟು ಉತ್ತಮವಾಗಿ ಮಾಡಿದರು. ಚಾಟ್ ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೇ ಇದ್ದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು.

ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ 100 ಅಂಕದ ವಿಷಯಕ್ಕೆ 20 ಆಂತರಿಕ, 80 ಲಿಖಿತ ಪರೀಕ್ಷೆ. ಚಾರ್ಟು, ಪ್ರಾಜೆಕ್ಟುಗಳಲ್ಲಿ ಅಪರಿಚಿತರ ಕೈಚಳಕ ನಡೆಯುವುದು ಆ 20ರಲ್ಲಿ. ಉಳಿದ 80ರ ಪರೀಕ್ಷೆಯ ಕೊಠಡಿಯಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದ 2024ರಲ್ಲಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ.

‘ನೆಟ್‌ನಲ್ಲಿ ಕೇಳಿದ್ರೆ ಎಲ್ಲಾ ಸಿಗುತ್ತೆ’

ಸಿಗುತ್ತದೆ, ಆದರೆ ಬೇರೆ ಊರಿನದು. ನರಸೀಪುರದ ಮಗುವಿಗೆ ‘ತ್ರಿವೇಣಿ ಸಂಗಮ ಮತ್ತು ಕುಂಭಮೇಳ’ ಎಂಬ ವಿಷಯ ಕೊಟ್ಟರೆ ಉತ್ತರ ಪ್ರದೇಶದ ಯಾರೋ ಗಂಗೆ, ಯಮುನೆ, ಪ್ರಯಾಗ, ಹನ್ನೆರಡು ವರ್ಷಕ್ಕೊಮ್ಮೆ ಎಂದು ಚೆಂದವಾಗಿ ಬರೆದು ಕಳಿಸಬಹುದು. ಆದರೆ ನರಸೀಪುರದ ತಿರುಮಕೂಡಲಿನಲ್ಲಿ ಕೂಡುವುದು ಕಾವೇರಿ, ಕಪಿಲೆ, ಗುಪ್ತಗಾಮಿನಿ ಎನ್ನುವ ಸ್ಫಟಿಕ ಸರೋವರ. ಇಲ್ಲಿನ ಮೇಳ 1989ರಲ್ಲಿ ಶುರುವಾದದ್ದು, ಮೂರು ವರ್ಷಕ್ಕೊಮ್ಮೆ ನಡೆಯಬೇಕಾದದ್ದು. ಇದನ್ನು ಹೇಳಬಲ್ಲ ಅಜ್ಜಿ ಪಕ್ಕದ ಕೋಣೆಯಲ್ಲೇ ಟಿ.ವಿ. ನೋಡುತ್ತಿರುತ್ತಾರೆ. ಸೋಮನಾಥಪುರದ ಕೇಶವ ದೇವಾಲಯ ಅದೇ ತಾಲ್ಲೂಕಿನದು. 1268ರಲ್ಲಿ ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು. ಹೊಯ್ಸಳ ಎಂದ ಕೂಡಲೇ ವಿಷ್ಣುವರ್ಧನ ಎಂದು ಬರೆದುಬಿಡುವವನು ಬೇಲೂರಿನ ಉತ್ತರ ಕೊಟ್ಟಂತೆ. ನಂಜನಗೂಡು ರಸಬಾಳೆಯ ತೋಟಗಳನ್ನು ಸೊರಗು ರೋಗ ಹೇಗೆ ನುಂಗಿತು ಎಂಬುದನ್ನು ಅದನ್ನು ಬೆಳೆದು ಕೈಬಿಟ್ಟ ರೈತರಿಗಿಂತ ಚೆನ್ನಾಗಿ ಯಾವ ಅಣ್ಣ ಬರೆಯಬಲ್ಲ?

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಪೇಚು. ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಬೇಕು, ಬಂದ ಉತ್ತರವನ್ನು ಕನ್ನಡಕ್ಕೆ. ಶ್ರೇಢಿಯ ‘ಪದ’ ಅಲ್ಲಿ ಮಾತಿನ ಪದವಾಗಬಹುದು, ಸಂಖ್ಯೆಯ ‘ಘಾತ’ ಏಟಾಗಬಹುದು. ಅನುವಾದದ ಈ ಹೊಳೆ ದಾಟುವಷ್ಟರಲ್ಲಿ ಲೆಕ್ಕ ಒದ್ದೆಯಾಗಿರುತ್ತದೆ.

‘ಫ್ರೀ ಅಲ್ವಾ? ಯಾರೋ ಪುಣ್ಯಾತ್ಮರು’

ಪುಣ್ಯಾತ್ಮರೂ ಇದ್ದಾರೆ. ಆದರೆ ಇದು ದೊಡ್ಡ ವ್ಯಾಪಾರ. 2009ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದ ಬ್ರೈನ್ಲಿಯಲ್ಲಿ ಮಕ್ಕಳೇ ಮಕ್ಕಳಿಗೆ ಉತ್ತರ ಹೇಳಿ ಪಾಯಿಂಟ್ ಗಳಿಸುತ್ತಾರೆ. ಅಮೆರಿಕದ ಚೆಗ್ ಉತ್ತರಗಳಿಗೆ ತಿಂಗಳ ಚಂದಾ ವಸೂಲು ಮಾಡಿ ಬೆಳೆದ ಕಂಪನಿ. ಚಾಟ್‌ಜಿಪಿಟಿಯಿಂದ ಹೊಸ ಗಿರಾಕಿಗಳು ಕಡಿಮೆಯಾಗುತ್ತಿದ್ದಾರೆ ಎಂದು ಅದರ ಮುಖ್ಯಸ್ಥರು ಒಪ್ಪಿಕೊಂಡ ಬೆನ್ನಿಗೇ, 2023ರ ಮೇ ತಿಂಗಳಲ್ಲಿ, ಅದರ ಷೇರು ಬೆಲೆ ಒಂದೇ ದಿನ ಸುಮಾರು ಅರ್ಧಕ್ಕೆ ಕುಸಿಯಿತು. ಇನ್ನು ನೋಟ್‌ಬುಕ್ಕಿನ ಲೇಬಲ್ಲಿನ ಮೇಲೆ ಮಗುವಿನ ಹೆಸರು, ಶಾಲೆ, ತರಗತಿ, ಸೆಕ್ಷನ್ ಎಲ್ಲ ಇರುತ್ತದೆ. ಅವಸರದಲ್ಲಿ ತೆಗೆದ ಫೋಟೊದಲ್ಲಿ ಅದೂ ಹೋಗುತ್ತದೆ. ಹದಿನೆಂಟು ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆ ಅಣ್ಣ ಕಾಯ್ದೆ ಓದಿಕೊಂಡು ಕೂತಿರುವುದಿಲ್ಲ. ಉತ್ತರ ಕಳಿಸುತ್ತಾ ಕಳಿಸುತ್ತಾ ಅವನು ಮಗುವಿನ ಫೋಟೊ, ದುಡ್ಡು ಕೇಳತೊಡಗಿದರೆ ಮಕ್ಕಳ ಸಹಾಯವಾಣಿ 1098, ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930.

‘ಎಐ ಬರೆದದ್ದನ್ನು ಕಂಡುಹಿಡಿಯೋ ಸಾಫ್ಟ್‌ವೇರ್ ಇದೆಯಲ್ಲ’ ಎನ್ನುವವರಿಗೆ ಒಂದೇ ಮಾತು: ಚಾಟ್‌ಜಿಪಿಟಿ ತಯಾರಿಸಿದ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೂ ಇಂಗ್ಲಿಷ್ ಬರಹದ ಮಾತಾಯಿತು.

‘ಹಾಗಾದ್ರೆ ಯಾರನ್ನೂ ಕೇಳಲೇಬೇಡಿ’

ಇದು ಎಲ್ಲಕ್ಕಿಂತ ಕೆಟ್ಟ ನಂಬಿಕೆ ಎನ್ನುವುದು ನನ್ನ ಅಭಿಪ್ರಾಯ. ಕೇಳಿದರೆ ಬೈಯುತ್ತಾರೆ ಎಂದೇ ಅಲ್ಲವೇ ಮಗು ಗುರುತಿಲ್ಲದವರ ಹತ್ತಿರ ಹೋದದ್ದು? ಟರ್ಕಿಯ ಅದೇ ಪ್ರಯೋಗದಲ್ಲಿ ಇನ್ನೊಂದು ಗುಂಪಿತ್ತು. ಆ ಮಕ್ಕಳಿಗೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಚಾಟ್. ಅವರಿಗೆ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಹಾಗಾಗಿ ಮನೆಯಲ್ಲಿ ಒಂದು ಪುಟ್ಟ ನಿಯಮ ಸಾಕು. ಕೇಳುವ ಮುಂಚೆ ತಾನು ಎಲ್ಲಿಯವರೆಗೆ ಮಾಡಿದ್ದೇನೆ ಎಂಬುದನ್ನು ಬರೆಯಬೇಕು, ನಿಂತ ಜಾಗಕ್ಕೆ ಗೆರೆ ಎಳೆಯಬೇಕು. ರಾತ್ರಿ ಯಾರೂ ಸಿಗದಿದ್ದರೆ ಆ ಗೆರೆ ಹಾಗೇ ಇದ್ದು ಬೆಳಿಗ್ಗೆ ಶಾಲೆಗೆ ಹೋಗಲಿ. ಅರ್ಧ ಖಾಲಿ ಪುಟಕ್ಕೆ ಮಗುವನ್ನು ನಿಲ್ಲಿಸುವುದಿಲ್ಲ ಎಂದು ಮೇಷ್ಟ್ರುಗಳೂ ಒಪ್ಪಬೇಕು. ಆಗ ‘3ರಿಂದ 7ರ ತನಕ ಕಳ್ಸಿ’ ಎನ್ನುವ ಸಾಲಿನ ಜಾಗದಲ್ಲಿ ಬೇರೊಂದು ಸಾಲು ಬರುತ್ತದೆ: ‘ಮಿಸ್, ಹತ್ತನೇ ಪದಕ್ಕೆ ಒಂಬತ್ತೇ ಸಲ ಯಾಕೆ ಕೂಡ್ಬೇಕು?’