ಹಾರುವ ಹಕ್ಕಿ, ಓಡುವ ಕ್ಯಾಮರಾ

ಗೌರಿಬಿದನೂರಿನಿಂದ ಗಡಿ ದಾಟಿದರೆ ಆಂಧ್ರದ ಹಿಂದೂಪುರ. ಅದರಾಚೆ ಚಿಲಮತ್ತೂರು ಮಂಡಲದಲ್ಲಿ ವೀರಾಪುರಂ ಎಂಬ ಹಳ್ಳಿಯಿದೆ. ಬಣ್ಣದ ಕೊಕ್ಕರೆಗಳು ಇಲ್ಲಿನ ಹುಣಸೆಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರಿಗೆ ಅವು ಶುಭ ತರುವ ಹಕ್ಕಿಗಳು. ಇಂಥ ಹಕ್ಕಿ ಹಾರುವಾಗ ಅದರ ಛಾಯಾಚಿತ್ರ ತೆಗೆಯುವುದು ಹೇಗೆ?

ಉದ್ದ ಝೂಮಿನ ಕ್ಯಾಮರಾ ಕೈಗೆ ಬಂದೊಡನೆ ಮಸೂರವನ್ನು ಪೂರ್ತಿ ಚಾಚುವುದು ಎಲ್ಲರೂ ಮಾಡುವ ತಪ್ಪು. 1200 ಮಿಲಿಮೀಟರಿಗೆ ಸಮನಾದ ಝೂಮಿನಲ್ಲಿ, 50 ಮೀಟರ್ ದೂರದಲ್ಲಿ ಚೌಕಟ್ಟಿಗೆ ಸಿಗುವ ಅಗಲ ಕೇವಲ ಒಂದೂವರೆ ಮೀಟರ್. ರೆಕ್ಕೆ ಬಿಚ್ಚಿದ ಕೊಕ್ಕರೆಯ ಅಗಲವೂ ಸುಮಾರು ಅಷ್ಟೇ! ಕೈ ಕೊಂಚ ಅಲುಗಿದರೂ ಹಕ್ಕಿ ಮಾಯ. ಝೂಮನ್ನು 300ಕ್ಕೆ ಇಳಿಸಿದರೆ 6 ಮೀಟರ್ ಅಗಲ ಸಿಗುತ್ತದೆ. ಮೊದಲು ಹಕ್ಕಿಯನ್ನು ಹುಡುಕಿ, ಅದರೊಡನೆ ಕ್ಯಾಮರಾವನ್ನೂ ತಿರುಗಿಸುತ್ತ, ಆಮೇಲೆ ನಿಧಾನವಾಗಿ ಝೂಮ್ ಹೆಚ್ಚಿಸಿ. ಕ್ಯಾಮರಾವನ್ನು ಕಣ್ಣಿಗೆ ಒತ್ತಿ ಹಿಡಿದರೆ ಕೈ ನಡುಗುವುದು ಕಡಿಮೆ.

ಇನ್ನು ಷಟರ್ ವೇಗ. ಹಕ್ಕಿ ಸೆಕೆಂಡಿಗೆ 10 ಮೀಟರ್ ಹಾರುತ್ತದೆಂದು ಇಟ್ಟುಕೊಳ್ಳಿ. ಷಟರ್ 1/125 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಅದು 8 ಸೆಂಟಿಮೀಟರ್ ಸರಿದಿರುತ್ತದೆ, ಚಿತ್ರ ಮಸುಕಾಗುತ್ತದೆ. 1/1000 ಇಟ್ಟರೆ 1 ಸೆಂಟಿಮೀಟರ್ ಮಾತ್ರ. ರೆಕ್ಕೆ ಬಡಿತವೂ ಸ್ಪಷ್ಟವಾಗಬೇಕಾದರೆ 1/2000 ಒಳ್ಳೆಯದು. ಬೆಳಕಿನ ಆಕಾಶದೆದುರು ಹಕ್ಕಿ ಕಪ್ಪಾಗಿ ಬರುತ್ತದೆ. ಆಗ ಎಕ್ಸ್‌ಪೋಷರನ್ನು ಒಂದು ಹಂತ ಹೆಚ್ಚಿಸಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ದೊಡ್ಡ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏರುತ್ತವೆ, ಇಳಿಯುತ್ತವೆ. ಆದ್ದರಿಂದ ಗಾಳಿಯೂ ಬೆನ್ನಿಗಿದ್ದರೆ ಅವು ನಿಮ್ಮ ಕಡೆಗೆ ಮುಖ ಮಾಡಿರುತ್ತವೆ.

ಇಷ್ಟೆಲ್ಲ ಕಲಿತರೂ ಒಂದು ಮಾತು ಮರೆಯಬಾರದು. ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟುವವರು, ಕಲ್ಲೆಸೆಯುವವರು ಉಂಟು. ತಾಯಿ ಕೊಕ್ಕರೆ ಗೂಡಿನ ಮೇಲೆ ನಿಂತು, ರೆಕ್ಕೆ ಹರಡಿ ಮರಿಗಳಿಗೆ ನೆರಳು ಕೊಡುತ್ತದೆ. ಅದು ಬೆದರಿ ಹಾರಿದರೆ ಎಳೆಯ ಮರಿಗಳು ಸುಡುಬಿಸಿಲಿಗೆ ಸಿಗುತ್ತವೆ. ಕಾಗೆ, ಹದ್ದುಗಳಿಗೂ ಅದೇ ಸಮಯ. ನಿಮ್ಮ ಒಂದು ಚಿತ್ರಕ್ಕೆ ಒಂದು ಗೂಡು ಬಲಿಯಾಗಬೇಕೆ?

ಅದರ ಅಗತ್ಯವೂ ಇಲ್ಲ. ಮೀನು ತರಲು, ಕಡ್ಡಿ ತರಲು ಅವು ತಾವಾಗಿಯೇ ಹಾರಾಡುತ್ತಿರುತ್ತವೆ. ದೂರದಲ್ಲಿ ಸುಮ್ಮನೆ ಕಾದು ನಿಂತರಾಯಿತು. ಉದ್ದ ಝೂಮ್ ಇರುವುದೇ ಅದಕ್ಕಲ್ಲವೆ! ಅಲ್ಲಿಗೆ ಹೋಗುವ ಮುನ್ನ ನಿಮ್ಮೂರಿನ ಕೆರೆಯ ಬೆಳ್ಳಕ್ಕಿಗಳ ಮೇಲೆ ಅಭ್ಯಾಸ ಮಾಡಿ. ನೂರು ಚಿತ್ರ ಕೆಟ್ಟರೂ ಬೇಸರ ಬೇಡ. ನೂರಾ ಒಂದನೆಯದು ಸರಿಬರಬಹುದು.