ಬಿಟ್‌ಕಾಯಿನ್‌ಗಿಂತ ಹಳೆಯ ಸರಪಳಿ

ಬೆಳಗಾವಿ ಜಿಲ್ಲೆಯ ಕಣಗಲಾದ ಓದುಗರೊಬ್ಬರು ಕೇಳಿದ್ದಾರೆ: ‘ಸರ್ಕಾರದವರು ಬ್ಲಾಕ್‌ಚೈನ್ ತರಾಕತ್ತಾರಂತ. ಅದು ಬಿಟ್‌ಕಾಯಿನ್ ಅಲ್ಲೇನ್ರಿ? ಅದರಾಗ ರೊಕ್ಕ ಹಾಕಿದ್ರ ಡಬಲ್ ಆಗತೈತಿ ಅಂತಾರ, ಖರೆ ಏನು?’

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಖರೆ ಅಲ್ಲ. ಬ್ಲಾಕ್‌ಚೈನ್ ಹೆಸರು ಹೇಳಿ ರೊಕ್ಕ ಡಬಲ್ ಮಾಡಿಕೊಡುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿ. ಹೊಲದಲ್ಲಿ ನಿಧಿ ಇದೆ, ತೆಗೆಸಿಕೊಡುತ್ತೇವೆ ಎಂದು ನಂಬಿಸಿ ಮನೆ ಹಾಳು ಮಾಡುವವರ ಜಾತಿಯೇ ಇದು, ಮಂತ್ರ ಮಾತ್ರ ಹೊಸದು. ಬ್ಲಾಕ್‌ಚೈನ್ ಎಂದರೆ ಹಣವಲ್ಲ. ಲೆಕ್ಕ ಬರೆದಿಡುವ ಒಂದು ರೀತಿ. ಬಿಟ್‌ಕಾಯಿನ್ ಆ ರೀತಿಯಲ್ಲಿ ಬರೆದ ಲೆಕ್ಕಗಳಲ್ಲಿ ಒಂದು.

ಹಾಗೆ ನೋಡಿದರೆ ಈ ರೀತಿ ಬಿಟ್‌ಕಾಯಿನ್‌ಗಿಂತ ಹಳೆಯದು. ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದಲ್ಲಿದ್ದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ 1991ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕಂಪ್ಯೂಟರಿನಲ್ಲಿರುವ ಕಡತದ ತಾರೀಖನ್ನು ಯಾರು ಬೇಕಾದರೂ ತಿದ್ದಬಹುದು. ಹಾಗಿರುವಾಗ ಒಂದು ದಾಖಲೆ ಇಂಥ ದಿನ ಇದೇ ರೂಪದಲ್ಲಿತ್ತು ಎಂದು ತೋರಿಸಿಕೊಡುವುದು ಹೇಗೆ ಎಂಬುದು ಅವರ ಪ್ರಶ್ನೆ.

ಅವರು ಹಿಡಿದದ್ದು ಹ್ಯಾಶ್ ಎಂಬ ಗಣಿತವನ್ನು. ಇದನ್ನು ದಾಖಲೆಯ ಬೆರಳಚ್ಚು ಎನ್ನೋಣ. ಇಂದು ಹೆಚ್ಚು ಬಳಕೆಯಲ್ಲಿರುವ ಎಸ್‌ಎಚ್‌ಎ-256 ವಿಧಾನಕ್ಕೆ ಒಂದು ಸಾಲು ಕೊಡಿ, ದಪ್ಪನೆಯ ಗ್ರಂಥ ಕೊಡಿ, ಹೊರಬರುವುದು 256 ಬಿಟ್‌ಗಳಷ್ಟೇ (ಅಂದರೆ 0 ಅಥವಾ 1ರ 256 ಸ್ಥಾನಗಳಷ್ಟೇ) ಉದ್ದದ ಒಂದು ಸಂಖ್ಯೆ. ಅದೇ ದಾಖಲೆಗೆ ಎಷ್ಟು ಸಲ ಮಾಡಿದರೂ ಅದೇ ಸಂಖ್ಯೆ. ಆದರೆ ದಾಖಲೆಯಲ್ಲಿ 500 ಇದ್ದದ್ದನ್ನು 600 ಮಾಡಿ ನೋಡಿ: ಆ 256ರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಿಟ್‌ಗಳು ಉಲ್ಟಾ ಆಗಿಬಿಡುತ್ತವೆ. ನಾನು ಉದ್ದನೆಯ ಲೇಖನದಲ್ಲಿ ಒಂದೇ ಒಂದು ಪೂರ್ಣವಿರಾಮ ಅಳಿಸಿ ನೋಡಿದ್ದೇನೆ. ಬಂದ ಬೆರಳಚ್ಚಿಗೂ ಹಿಂದಿನದಕ್ಕೂ ಯಾವ ನಂಟೂ ಕಾಣಲಿಲ್ಲ. ಸಣ್ಣ ತಿದ್ದುಪಡಿಗೆ ಸಣ್ಣ ವ್ಯತ್ಯಾಸ ಎಂಬುದೇ ಇಲ್ಲಿಲ್ಲ! ಇಂಥ ಬೆರಳಚ್ಚುಗಳು ಒಟ್ಟು ಎಷ್ಟು ಸಾಧ್ಯ ಎಂದು ಬರೆಯಹೊರಟರೆ 78 ಅಂಕಿ ಬೇಕು. ಹೀಗಾಗಿ ಎರಡು ಬೇರೆ ದಾಖಲೆಗಳಿಗೆ ಒಂದೇ ಬೆರಳಚ್ಚು ಬರುವಂತೆ ಮಾಡುವುದು ಇದುವರೆಗೆ ಯಾರ ಕೈಯಲ್ಲೂ ಆಗಿಲ್ಲ.

ಮುಂದಿನ ದಾಖಲೆಯೊಳಗೆ ಹಿಂದಿನದರ ಬೆರಳಚ್ಚನ್ನೂ ಸೇರಿಸುತ್ತ ಹೋದರೆ ಸರಪಳಿ ಆಯಿತು. ಹಳೆಯದೊಂದನ್ನು ತಿದ್ದಿದರೆ ಆಮೇಲಿನವೆಲ್ಲ ತಾಳೆ ತಪ್ಪುತ್ತವೆ. ಸರಿ, ಆದರೆ ಸರಪಳಿ ಇಟ್ಟುಕೊಂಡವನೇ ಎಲ್ಲವನ್ನೂ ಮೊದಲಿನಿಂದ ಹೊಸದಾಗಿ ಬರೆದರೆ? ಹೇಬರ್, ಸ್ಟೋರ್ನೆಟ್ಟಾ ಇದಕ್ಕೆ ಕಂಡುಕೊಂಡ ಉಪಾಯ ಓದಿ ನನಗಂತೂ ಕುಣಿಯುವಷ್ಟು ಖುಷಿಯಾಯಿತು. ಅವರ ಶ್ಯೂರಿಟಿ ಕಂಪನಿ 1995ರಿಂದ ವಾರಕ್ಕೊಮ್ಮೆ ಸರಪಳಿಯ ಬೆರಳಚ್ಚನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಕಿರುಜಾಹೀರಾತಿನಲ್ಲಿ ಅಚ್ಚು ಹಾಕಿಸತೊಡಗಿತು. ಲೆಕ್ಕ ತಿದ್ದಬೇಕೆಂದರೆ ಇನ್ನು ಮನೆಮನೆಗೂ ಗ್ರಂಥಾಲಯಗಳಿಗೂ ಹೋಗಿರುವ ಪತ್ರಿಕೆಯ ಪ್ರತಿಗಳನ್ನೆಲ್ಲ ತಿದ್ದಬೇಕು. 2008ರಲ್ಲಿ ಬಂದ ಬಿಟ್‌ಕಾಯಿನ್ ಪ್ರಬಂಧದ ಎಂಟು ಉಲ್ಲೇಖಗಳಲ್ಲಿ ಮೂರು ಈ ಜೋಡಿಯ ಬರಹಗಳೇ.

ಈಗ ನಮ್ಮ ಸರ್ಕಾರದ ಮಾತು. 2021ರ ಮಾರ್ಚ್‌ನಲ್ಲಿ 64.76 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ಬ್ಲಾಕ್‌ಚೈನ್ ಚೌಕಟ್ಟಿನ ಕೆಲಸ ಶುರುವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ‘ವಿಶ್ವಸ್ಯ’ ಎಂಬ ಹೆಸರಿನಲ್ಲಿ ಅದು ಬಳಕೆಗೆ ಬಂತು. ನವೋದ್ಯಮಗಳು ಪ್ರಯೋಗ ಮಾಡಲು ‘ಎನ್‌ಬಿಎಫ್ ಲೈಟ್’, ಮೊಬೈಲ್ ಆ್ಯಪ್ ಅಸಲಿಯೋ ನಕಲಿಯೋ ನೋಡಲು ‘ಪ್ರಾಮಾಣಿಕ್’ ಜೊತೆಗಿವೆ. ಪ್ರಮಾಣಪತ್ರ, ಆಸ್ತಿ, ನ್ಯಾಯಾಲಯದ ದಾಖಲೆಗಳಿಗೆ ಸರಪಳಿಗಳು ಆಗಿವೆ. ಪಡಿತರ, ರಕ್ತನಿಧಿ, ಜಿಎಸ್‌ಟಿ ಮುಂದಿನ ಯೋಜನೆಯ ಪಟ್ಟಿಯಲ್ಲಿವೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ಔಷಧ ಸರಬರಾಜೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ಬ್ಲಾಕ್‌ಚೈನ್ ಕೆಲಸಗಳಲ್ಲಿ ಒಂದು.

ಔಷಧದ ವಿಷಯ ಕಣಗಲಾದವರಿಗೆ ಹೊಸದಲ್ಲ. 1985ರಿಂದ ಅಲ್ಲಿ ಹಿಂದೂಸ್ತಾನ್ ಲ್ಯಾಟೆಕ್ಸ್, ಅಂದರೆ ಇಂದಿನ ಎಚ್‌ಎಲ್‌ಎಲ್ ಲೈಫ್‌ಕೇರ್ ಕಾರ್ಖಾನೆ ಇದೆ. ಯಾವುದೇ ಕಾರ್ಖಾನೆಯ ಮಾತ್ರೆಯ ಪೆಟ್ಟಿಗೆ ಗೋದಾಮು, ಲಾರಿ, ತಾಲ್ಲೂಕು ಆಸ್ಪತ್ರೆ ದಾಟಿ ಪ್ರಾಥಮಿಕ ಆರೋಗ್ಯ ಕೇಂದ್ರ ಮುಟ್ಟುವಾಗ ಬ್ಯಾಚ್ ನಂಬರನ್ನು ಹಲವು ಕೈಗಳು ಬರೆದುಕೊಳ್ಳುತ್ತವೆ. ಅವರೆಲ್ಲ ಒಂದೇ ಸರಪಳಿಯಲ್ಲಿ ಬರೆದರೆ, ಅವಧಿ ಮೀರಿದ ದಾಸ್ತಾನಿನ ತಾರೀಖನ್ನು ಆಮೇಲೆ ಸದ್ದಿಲ್ಲದೆ ತಿದ್ದುವ ದಾರಿ ಮುಚ್ಚುತ್ತದೆ.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟುವುದು, ಅದೂ ಓದಿದವರಲ್ಲಿ: ‘ಬ್ಲಾಕ್‌ಚೈನ್‌ನಲ್ಲಿದೆ, ಆದ್ದರಿಂದ ಸತ್ಯ.’ ಖಂಡಿತ ಅಲ್ಲ. ಬರೆದದ್ದು ಬದಲಾಗಿಲ್ಲ ಎಂಬುದಕ್ಕಷ್ಟೇ ಸರಪಳಿ ಸಾಕ್ಷಿ. ಸುಳ್ಳು ಬರೆದರೆ ಸುಳ್ಳೇ ಭದ್ರವಾಗಿ ಕೂರುತ್ತದೆ. ಹುಕ್ಕೇರಿ, ಗೋಕಾಕ, ಮೂಡಲಗಿಯ ಕಬ್ಬಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಟಾದಲ್ಲೇ ತೂಕ ಕಡಿಮೆ ಬಂದರೆ ಆ ಚೀಟಿಯನ್ನು ಎಲ್ಲಿ ಬರೆದಿಟ್ಟರೇನು? ತೂಕವನ್ನು ಮನುಷ್ಯ ಟೈಪ್ ಮಾಡದೆ ಕಾಟಾ ಯಂತ್ರವೇ ಡಿಜಿಟಲ್ ಸಹಿ ಹಾಕಿ ಸರಪಳಿಗೆ ಕಳಿಸಬೇಕು. ಆ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಮುಂದಿನ ವರ್ಷಗಳಲ್ಲಿ ದುಡ್ಡು, ಬುದ್ಧಿ ಎರಡೂ ಲೆಕ್ಕ ಸರಪಳಿಯೊಳಗೆ ಬರುವ ಈ ಬಾಗಿಲಿಗೆ ಹೋಗಬೇಕೆಂಬುದು ನನ್ನ ಆಗ್ರಹ.

ಜೊತೆಗೆ ಸರಪಳಿಯ ಪ್ರತಿಗಳು ಯಾರ ಕೈಯಲ್ಲಿವೆ ಎಂಬುದೂ ಮುಖ್ಯ. ವಿಶ್ವಸ್ಯದ ಗಣಕಗಳು ಭುವನೇಶ್ವರ, ಪುಣೆ, ಹೈದರಾಬಾದ್‌ನ ಎನ್‌ಐಸಿ ದತ್ತಾಂಶ ಕೇಂದ್ರಗಳಲ್ಲಿವೆ. ಊರು ಮೂರು, ಸಂಸ್ಥೆ ಒಂದೇ. ಒಂದು ಕೇಂದ್ರ ಕೆಟ್ಟರೆ ಇನ್ನೊಂದು ನಡೆಸುತ್ತದೆ, ಅದು ಸರಿ. ಆದರೆ ಹೊರಗಿನ ಸಾಕ್ಷಿ ಎಲ್ಲಿ? ಕಬ್ಬಿನ ತೂಕಕ್ಕೆ ಸರಪಳಿ ಕಟ್ಟುವುದಾದರೆ ಅದರ ಒಂದು ಪ್ರತಿ ಕಾರ್ಖಾನೆಯಲ್ಲಿ, ಒಂದು ಇಲಾಖೆಯಲ್ಲಿ, ಒಂದು ರೈತ ಸಂಘದ ಕಚೇರಿಯಲ್ಲಿ ಇರಲಿ. ನುರಿಸುವ ಹಂಗಾಮಿನುದ್ದಕ್ಕೂ ವಾರದ ಬೆರಳಚ್ಚನ್ನು ಬೆಳಗಾವಿಯ ಕನ್ನಡ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಲಿ. ಎರಡು ಸಾಲು ಜಾಗ ಸಾಕು.